ಚೀಟಿಯಲ್ಲಿ ಬಂದ ಪ್ರಶ್ನೆಗಳು

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಟೀಚರ್. ಲೈಂಗಿಕವಾಗಿ ಹರಡುವ ಸೋಂಕುಗಳ ಬಗ್ಗೆ ಹತ್ತನೇ ತರಗತಿಗೆ ಮೊದಲ ಸಲ ಪಾಠ ಮಾಡಿದ ದಿನ ಮಕ್ಕಳು ತಲೆ ತಗ್ಗಿಸಿಕೊಂಡೇ ನೋಟ್ಸ್ ಬರೆದರು. "ಸಂಶಯ ಉಂಟಾ?" ಎಂದು ಕೇಳಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ.

ಕೇಳಲು ಅವರ ಹತ್ತಿರ ಶಬ್ದವೇ ಇರಲಿಲ್ಲ. ಮನೆಯಲ್ಲಿ ತುಳು, ಹವ್ಯಕ, ಮರಾಟಿ, ಬ್ಯಾರಿ. ಪೇಟೆಗೆ ಹೋದರೆ ಮಲಯಾಳ. ಈ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಶಬ್ದ, ಗುಪ್ತರೋಗ. ಅದೂ ಗೋಡೆಗೆ ಅಂಟಿಸಿದ ಜಾಹೀರಾತು ನೋಡಿ ಕಲಿತದ್ದು. ಹೆಸರಲ್ಲೇ ಗುಪ್ತ ಎಂದಿದ್ದರೆ ಮಕ್ಕಳು ಬಾಯಿ ಬಿಡುವುದು ಹೇಗೆ?

ಮರುವರ್ಷ ಚೀಟಿ ಹಂಚಿದೆ. ಹೆಸರು ಬರೆಯುವುದು ಬೇಡ. ಪ್ರಶ್ನೆ ಇಲ್ಲದವರು ಬೆಳಗ್ಗೆ ತಿಂದ ತಿಂಡಿಯ ಬಗ್ಗೆ ಎರಡು ಸಾಲು ಬರೆಯಬೇಕು. ಎಲ್ಲರ ಪೆನ್ನೂ ಓಡುತ್ತಿದ್ದರೆ ಯಾರು ಏನು ಕೇಳಿದರೆಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಗಂಜಿ, ದೋಸೆಯ ಚೀಟಿಗಳೇ ಜಾಸ್ತಿ ಇದ್ದವು. ಉಳಿದವನ್ನು ಓದುವಾಗ ಕರುಳು ಚುರುಕ್ ಎಂದಿತು. ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರ್ತದಾ? ಬರುವುದಿಲ್ಲ. ಬಿಳಿ ಹೋಗುವುದು ರೋಗವಾ? ಸ್ವಲ್ಪ ಹೋಗುವುದು ಸಹಜ. ತುರಿಕೆ, ಕೆಟ್ಟ ವಾಸನೆ ಇದ್ದರೆ, ಬಣ್ಣ ಬದಲಾದರೆ ಡಾಕ್ಟರಿಗೆ ತೋರಿಸಬೇಕು. ಆಗಲೂ ಅದು ಲೈಂಗಿಕ ಸೋಂಕೇ ಆಗಿರಬೇಕೆಂದಿಲ್ಲ. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗ್ತದಾ? ಹೋಗುವುದಿಲ್ಲ, ಅದು ರೋಗವೇ ಅಲ್ಲ. ಹುಡುಗರ ಈ ಹೆದರಿಕೆಯ ಮೇಲೆಯೇ ಗೋಡೆ ಜಾಹೀರಾತಿನವರ ವ್ಯಾಪಾರ ನಡೆಯುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಒಂದು ಚೀಟಿಗೆ ಇಡೀ ಪೀರಿಯಡ್ ಕೊಟ್ಟೆ. "ಯಾರಿಗೂ ಹೇಳದೆ ಸುಮ್ನೆ ಇದ್ದರೆ ತಾನಾಗಿ ಗುಣ ಆಗ್ತದಾ?" ನಾನು ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ಬಗ್ಗೆ ಹೇಳಿದೆ. ಮೊದಲು ಬರುವ ಹುಣ್ಣು ಹೆಚ್ಚಾಗಿ ನೋಯುವುದಿಲ್ಲ. ಔಷಧಿ ಇಲ್ಲದೆಯೇ 3ರಿಂದ 6 ವಾರದಲ್ಲಿ ಮಾಯುತ್ತದೆ. ರೋಗಾಣು ಮಾತ್ರ ಮೈಯೊಳಗೇ ಉಳಿದಿರುತ್ತದೆ. ವರ್ಷಗಳ ಮೇಲೆ ಹೃದಯಕ್ಕೆ, ಮೆದುಳಿಗೆ ಪೆಟ್ಟು ಕೊಡಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ. ಕ್ಲಮೀಡಿಯ ಎಂಬ ಇನ್ನೊಂದು ಸೋಂಕಿನಲ್ಲಂತೂ ಹೆಚ್ಚಿನವರಿಗೆ ಲಕ್ಷಣವೇ ಕಾಣುವುದಿಲ್ಲ. ಎಚ್‌ಐವಿ ಪೂರ್ತಿ ಹೋಗದಿದ್ದರೂ ದಿನವೂ ತಪ್ಪದೆ ಮಾತ್ರೆ ತಗೊಂಡರೆ ಆರೋಗ್ಯವಾಗಿ ಬದುಕಬಹುದು. ಕಾಂಡೋಮ್ ಎಂಬ ಶಬ್ದವನ್ನೂ ತಡವರಿಸದೆ ಹೇಳಿದೆ. ಮಕ್ಕಳು ನಗಲಿಲ್ಲ.

ಒಬ್ಬ ತಂದೆ ಆಕ್ಷೇಪಿಸಿದರು. ಚೀಟಿಗಳನ್ನು ಅವರ ಮುಂದೆ ಓದಿದೆ. ಮತ್ತೆ ಅವರು ಮಾತಾಡಲಿಲ್ಲ.

ಎಲ್ಲಿಗೆ ಹೋಗಬೇಕು ಎಂದು ಹೇಳದಿದ್ದರೆ ಈ ಪಾಠ ಅರ್ಧವೇ. ಕೇರಳದಲ್ಲಿ ಸರಕಾರದ ಲೈಂಗಿಕ ಸೋಂಕು ಕ್ಲಿನಿಕ್ಕಿಗೆ 'ಪುಲರಿ' ಎಂದು ಹೆಸರು, ಎಚ್‌ಐವಿ ಪರೀಕ್ಷೆಯ ಕೇಂದ್ರಕ್ಕೆ 'ಜ್ಯೋತಿಸ್'. ಪುಲರಿ ಎಂದರೆ ಮಲಯಾಳದಲ್ಲಿ ಮುಂಜಾವು. ಚಂದದ ಹೆಸರು, ಆದರೆ ನಮ್ಮ ಮಕ್ಕಳು ಆ ಬೋರ್ಡು ನೋಡಿದರೆ ಏನೆಂದು ತಿಳಿಯಬೇಕು? ಎರಡೂ ಹೆಸರನ್ನು ಕ್ಲಾಸಿನ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಅರ್ಥ ಹೇಳಿದೆ. ಪಕ್ಕದಲ್ಲೇ 1097, ಎಚ್‌ಐವಿ ಬಗ್ಗೆ ಉಚಿತವಾಗಿ ಮಾಹಿತಿ ಕೊಡುವ ಸಹಾಯವಾಣಿ.

ಮುಂದಿನ ವಾರದ ಚೀಟಿಯಲ್ಲಿ ಒಂದು ಪ್ರಶ್ನೆ: "ಟೀಚರ್, ಅಲ್ಲಿ ಕನ್ನಡದಲ್ಲಿ ಮಾತಾಡ್ತಾರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಶನಿವಾರ ಬಸ್ ಹತ್ತಿ ಆಸ್ಪತ್ರೆಗೆ ಹೋಗಿ, ಕನ್ನಡ ಬರುವ ನರ್ಸ್ ಯಾವ್ಯಾವ ದಿನ ಇರುತ್ತಾರೆ ಎಂದು ಕೇಳಿ ಬರೆದುಕೊಂಡು ಬಂದೆ.