ಕೂಟಕ್ಕೆ ಮುಂಚಿನ ಆರು ವಾರ: ಗಾಯವಾಗದಂತೆ ಅಭ್ಯಾಸ ಆರಂಭಿಸುವ ಬಗೆ

ದಸರಾ ಕ್ರೀಡಾಕೂಟ ಹತ್ತಿರ ಬಂತೆಂದರೆ ಮೈಸೂರಿನ ಕಬಡ್ಡಿ ಹುಡುಗರು ಮಾಡುವ ಮೊದಲ ಕೆಲಸವೆಂದರೆ ಮುಂಜಾನೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡಿ ಹತ್ತುವುದು. ಎರಡು ತಿಂಗಳು ಬೈಕಿನ ಮೇಲೆಯೇ ಓಡಾಡಿಕೊಂಡಿದ್ದ ಕಾಲುಗಳಿಗೆ ಒಂದೇ ಏಟಿಗೆ ಸಾವಿರ ಮೆಟ್ಟಿಲು! ನಾನು ತಯಾರು ಮಾಡುತ್ತಿದ್ದ ತಂಡದ ಒಬ್ಬ ರೈಡರ್ ಹೀಗೆಯೇ ಸೋಮವಾರ ಬೆಟ್ಟ ಹತ್ತಿ, ಮಂಗಳವಾರ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿದು, ಗುರುವಾರ ಬೋನಸ್ ಗೆರೆಗೆ ಕಾಲು ಚಾಚಿದಾಗ ತೊಡೆಯ ಹಿಂಭಾಗವನ್ನು ಹಿಡಿದುಕೊಂಡು ಮ್ಯಾಟಿನ ಮೇಲೆ ಕುಸಿದ. ಆ ಸಲದ ಕೂಟವನ್ನು ಅವನು ಗ್ಯಾಲರಿಯಲ್ಲಿ ಕುಳಿತು ನೋಡಬೇಕಾಯಿತು.

ಈ ತಪ್ಪಿನ ದೊಡ್ಡ ರೂಪ ಕಂಡದ್ದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಅಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ 2011ರಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದದ ವಿಚಾರವಾಗಿ ತಕರಾರಾಗಿ, ಮಾರ್ಚ್‌ನಿಂದ ಜುಲೈ ಕೊನೆಯವರೆಗೆ ಆಟಗಾರರು ತಂಡದ ಜಿಮ್ಮಿಗಾಗಲಿ, ತರಬೇತುದಾರರ ಬಳಿಗಾಗಲಿ ಹೋಗುವಂತಿರಲಿಲ್ಲ. ತಕರಾರು ಮುಗಿದೊಡನೆ ಪೂರ್ವಸಿದ್ಧತಾ ಶಿಬಿರ ಶುರುವಾಯಿತು. ಮೊದಲ 12 ದಿನಗಳಲ್ಲೇ 10 ಆಟಗಾರರ ಅಕಿಲಿಸ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು, ಹರಿದುಹೋಯಿತು. ಅವರೇನೂ ಸೋಮಾರಿಗಳಲ್ಲ, ಬಹಳಷ್ಟು ಮಂದಿ ಸ್ವಂತವಾಗಿ ವ್ಯಾಯಾಮ ಮಾಡಿಕೊಂಡೇ ಬಂದಿದ್ದವರು. ಆದರೆ ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಂಡರೂ ರಜ್ಜು ಹದಗೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಹೀಗಾಗಿ ಭಾರಕ್ಕಿಂತಲೂ ಬಿಡುವಿನ ನಂತರ ಭಾರ ಏಕಾಏಕಿ ಏರುವುದೇ ಹೆಚ್ಚು ಅಪಾಯಕಾರಿ.

ಆದ್ದರಿಂದ ಮೊದಲ ವಾರ ದಿನಕ್ಕೊಂದೇ ಅಭ್ಯಾಸವಿರಲಿ, ಓಟ ಪೂರ್ಣ ವೇಗದ ಅರ್ಧಕ್ಕಿಂತ ತುಸು ಹೆಚ್ಚಿಗೆ ನಿಲ್ಲಲಿ. ಪೂರ್ಣ ವೇಗದ ಓಟವನ್ನು ಮೂರನೆಯ ವಾರದಲ್ಲಿ, ಅದೂ ನಾಲ್ಕೈದು ಸಲ ಮಾತ್ರ ಸೇರಿಸಿ, ಅಲ್ಲಿಂದ ವಾರ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹಿಮ್ಮಡಿಗೆ ಒಂದು ಮೆಟ್ಟಿಲಿದ್ದರೆ ಸಾಕು: ಮುಂಗಾಲನ್ನು ಮೆಟ್ಟಿಲಿನ ಅಂಚಿನಲ್ಲಿಟ್ಟು, ಎರಡೂ ಕಾಲಿನಿಂದ ಮೇಲೆದ್ದು, ಒಂದೇ ಕಾಲಿನ ಮೇಲೆ ಮೂರು ಎಣಿಸುತ್ತ ಹಿಮ್ಮಡಿಯನ್ನು ಕೆಳಗಿಳಿಸಬೇಕು.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ಎಂಬ ವ್ಯಾಯಾಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಇದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿವೆ. ಮ್ಯಾಟಿನ ಮೇಲೆ ಮಂಡಿಯೂರಿ ಕುಳಿತವನ ಎರಡೂ ಕಣಕಾಲುಗಳನ್ನು ಜೊತೆಗಾರ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕುಳಿತವನು ಸೊಂಟ ಬಗ್ಗಿಸದೆ, ಮಂಡಿಯಿಂದ ಭುಜದವರೆಗೆ ಹಲಗೆಯಂತೆ ನೇರವಾಗಿದ್ದು, ಆದಷ್ಟೂ ನಿಧಾನವಾಗಿ ಮುಂದಕ್ಕೆ ವಾಲಿ, ಇನ್ನು ತಡೆಯಲಾರೆ ಎಂಬ ಹಂತದಲ್ಲಿ ಅಂಗೈಯೂರಿ ಬೀಳಬೇಕು. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು ಸಾಕು. ಮರುದಿನ ನೋವಿರುತ್ತದೆ, ಹುಡುಗರು ಬೈಯುತ್ತಾರೆ. ನಾಲ್ಕನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ದಿನ, ಎಂಟೆಂಟರಂತೆ ಮೂರು ಸುತ್ತಿಗೆ ಬನ್ನಿ.

ಬೆಟ್ಟದ ಆಸೆ ಬಿಡಲಾರೆವೆನ್ನುವವರು ನಾಲ್ಕನೆಯ ವಾರದಲ್ಲಿ ನಡೆದು ಹತ್ತಲಿ, ಇಳಿಯುವಾಗ ಸಿಟಿ ಬಸ್ ಹಿಡಿಯಲಿ. ಸ್ನಾಯುಗಳನ್ನು ಹೆಚ್ಚು ನೋಯಿಸುವುದು ಹತ್ತುವಿಕೆಗಿಂತ ಇಳಿಯುವಿಕೆ.

ಬಿಸಿಲಿನ ವಿಚಾರಕ್ಕೆ ಬಂದರೆ, ನಮ್ಮ ಊರು ತಂಪು ಎಂಬ ಮಾತನ್ನು ನಂಬಬೇಡಿ. ಎನ್‌ಎಫ್‌ಎಲ್‌ನ ಮಿನ್ನೆಸೋಟ ವೈಕಿಂಗ್ಸ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ಶಿಬಿರದ ಅಭ್ಯಾಸದ ನಂತರ ಉಷ್ಣಾಘಾತದಿಂದ 2001ರ ಆಗಸ್ಟ್ 1ರಂದು ತೀರಿಕೊಂಡದ್ದು ಹಿಮಕ್ಕೆ ಹೆಸರಾದ ರಾಜ್ಯದಲ್ಲಿ. ಏಪ್ರಿಲ್‌ನಲ್ಲಿ ಮಂಡ್ಯದ ಬಯಲಿನಲ್ಲಿ ಬೇಸಿಗೆ ಶಿಬಿರ ನಡೆಸುವವರು ಬೆಳಿಗ್ಗೆ ಎಂಟೂವರೆಗೇ ಮುಗಿಸಬೇಕು, ಮತ್ತು ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬಿಡಬೇಕು. ಅಭ್ಯಾಸಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿ. ನೂರಕ್ಕೆ ಎರಡರಷ್ಟು ಇಳಿದಿದ್ದರೆ ಆ ಹುಡುಗ ನೀರು ಸಾಲದೆ ಆಡಿದ್ದಾನೆಂದು ಅರ್ಥ. ಯಾರಾದರೂ ತಡವರಿಸಿದರೆ, ಅಸಂಬದ್ಧವಾಗಿ ಮಾತಾಡಿದರೆ ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕೈಕಟ್ಟಿ ನಿಲ್ಲದೆ ತಣಿಸಲು ಆರಂಭಿಸಿ. ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು, ನೀರು ಮತ್ತು ಐಸ್ ಸುರಿದು, ತಲೆಯನ್ನು ಮಾತ್ರ ನೀರಿನಿಂದ ಮೇಲಿರಿಸಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಜೀವ ಉಳಿಯುವ ಸಾಧ್ಯತೆ ತುಂಬ ಹೆಚ್ಚು.

ಇನ್ನು ಮೈಗೆ ಮೈ ತಾಗುವ ಅಭ್ಯಾಸ. 2011ರ ಒಪ್ಪಂದದಲ್ಲೇ ಎನ್‌ಎಫ್‌ಎಲ್ ಒಂದೇ ದಿನ ಎರಡು ಹೊತ್ತು ಪ್ಯಾಡ್ ಕಟ್ಟಿ ಅಭ್ಯಾಸ ಮಾಡಿಸುವುದನ್ನು ನಿಲ್ಲಿಸಿತು, 2021ರಲ್ಲಿ ಪೂರ್ವಸಿದ್ಧತಾ ಪಂದ್ಯಗಳನ್ನು ನಾಲ್ಕರಿಂದ ಮೂರಕ್ಕೆ ಇಳಿಸಿತು, 2022ರಲ್ಲಿ ಶಿಬಿರದಲ್ಲಿ ಕೆಲವು ಸ್ಥಾನಗಳ ಆಟಗಾರರಿಗೆ ಹೆಲ್ಮೆಟ್ ಮೇಲೆ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ಕಡ್ಡಾಯ ಮಾಡಿತು. ನಮ್ಮ ಡಿಫೆಂಡರ್‌ಗಳ ತಲೆಗೆ ಹೆಲ್ಮೆಟ್ಟೂ ಇಲ್ಲ. ಹಾಗಾಗಿ ಮೊದಲ ವಾರ ಹಿಡಿತವನ್ನು ಕೈತಾಗಿಸುವುದಕ್ಕೆ ನಿಲ್ಲಿಸಿ, ಎರಡನೆಯ ವಾರದಿಂದ ನಿಧಾನಗತಿಯ ಥೈ ಹೋಲ್ಡ್, ಆ್ಯಂಕಲ್ ಹೋಲ್ಡ್ ಕಲಿಸಿ, ಡ್ಯಾಶ್ (ರೈಡರ್‌ನನ್ನು ಗೆರೆಯಾಚೆ ತಳ್ಳುವುದು) ಮತ್ತು ಡೈವ್‌ಗಳನ್ನು ಮೂರನೆಯ ವಾರಕ್ಕಿಟ್ಟು, ವಾರಕ್ಕೆ ಎರಡೇ ದಿನ ಪೂರ್ಣ ಬಲದ ಆಟ ಆಡಿಸಿ. ಮಂಡಿ ತಲೆಗೆ ಬಡಿದು ಯಾವನಾದರೂ ಕ್ಷಣಕಾಲ ಮಂಕಾದರೆ, ಅವನು ಎಷ್ಟೇ ಹಟ ಮಾಡಿದರೂ ಆ ದಿನ ಮತ್ತೆ ಮ್ಯಾಟ್ ಹತ್ತಿಸದೆ ವೈದ್ಯರ ಬಳಿ ಕರೆದೊಯ್ಯಿರಿ. ರಾತ್ರಿ ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕೆಂದು ಮನೆಯವರಿಗೂ ಹೇಳಿ ಬನ್ನಿ.