ಹಗಲಿನಲ್ಲೇ ರಕೂನನ್ನು ಪೊಟರೆಯಿಂದ ಇಳಿಸಿದ್ದು: ನನ್ನ ಅನುಭವ

ಅಮೆರಿಕದ ಪೂರ್ವ ಕನ್ಸಾಸ್‌ನಲ್ಲಿ ರಕೂನ್ (ಮರದ ಪೊಟರೆಯಲ್ಲಿ ವಾಸಿಸುವ, ತುಪ್ಪಳಕ್ಕಾಗಿ ಬೇಟೆಯಾಡುವ ಪ್ರಾಣಿ) ಬೇಟೆಯೆಂದರೆ ರಾತ್ರಿ, ಹಣೆಗೆ ಕಟ್ಟಿದ ದೀಪ ಮತ್ತು ಮರದ ಬುಡದಲ್ಲಿ ಬೊಗಳುವ ವಾಕರ್ ಅಥವಾ ಬ್ಲೂಟಿಕ್ ತಳಿಯ ಬೇಟೆನಾಯಿ ಎಂಬುದೇ ರೂಢಿ. ನಾಯಿಯಿಲ್ಲದೆ, ಮಟಮಟ ಮಧ್ಯಾಹ್ನ, ಪ್ರಾಣಿ-ಪಕ್ಷಿಗಳ ಕೂಗನ್ನು ಸ್ಪೀಕರಿನಲ್ಲಿ ಹೊರಡಿಸುವ ಯಂತ್ರದಿಂದ ಹಕ್ಕಿಯ ಆರ್ತನಾದವನ್ನು ಕೇಳಿಸಿ ರಕೂನನ್ನು ಕೆಳಗಿಳಿಸಬಹುದೆಂದು ನಾನು ಹೇಳಿದಾಗ ನಾಯಿ ಸಾಕಿದ ನೆರೆಯವರು ನಕ್ಕಿದ್ದರು. ಕಳೆದ ಚಳಿಗಾಲದಲ್ಲಿ ನನ್ನ ಗ್ಯಾರೇಜಿನಲ್ಲಿ ಒಣಗುತ್ತಿದ್ದ ಸುಮಾರು ನಲವತ್ತು ತೊಗಲುಗಳನ್ನು ಕಂಡ ಮೇಲೆ ಅವರಲ್ಲೊಬ್ಬರು ಆ ಯಂತ್ರವನ್ನು ಎರವಲು ಕೇಳಿಕೊಂಡು ಬಂದರು.

ಮೊದಲ ಚಳಿಗಾಲ ಪೂರ್ತಿ ವ್ಯರ್ಥವಾಯಿತು. ಎಲ್ಲರೂ ಬಳಸುವ ಮೊಲದ ಚೀರಾಟಕ್ಕೆ ಕಯೋಟಿಗಳು (ತೋಳದ ಜಾತಿಯ ಪ್ರಾಣಿ) ಬಂದವು, ಒಂದು ಬಾಬ್‌ಕ್ಯಾಟ್ (ಕಾಡುಬೆಕ್ಕು) ಬಂದಿತು, ಕೆಂಬಾಲದ ಗಿಡುಗವೊಂದು ಸ್ಪೀಕರಿನ ಮೇಲೆಯೇ ಎರಗಿತು. ರಕೂನ್ ಮಾತ್ರ ಬರಲಿಲ್ಲ. ಅರವತ್ತು ಡಾಲರಿನ ನನ್ನ ಮೊದಲ ಯಂತ್ರ ದನಿ ಏರಿಸಿದೊಡನೆ ಒಡಕಲಾಗಿ ಕರಕರಗುಟ್ಟುತ್ತಿತ್ತು. ಎರಡನೆಯದಕ್ಕೆ ಮುನ್ನೂರರ ಹತ್ತಿರ ತೆತ್ತೆ. 1970ರ ದಶಕದ ಕೊನೆಯಲ್ಲಿ ಒಳ್ಳೆಯ ತೊಗಲಿಗೆ ಇಪ್ಪತ್ತೈದು ಡಾಲರ್ ದಾಟುತ್ತಿದ್ದ ಬೆಲೆ ಈಗ ಕೆಲವೇ ಡಾಲರ್‌ಗಳಿಗೆ ಇಳಿದಿರುವುದರಿಂದ, ಚರ್ಮ ಮಾರಿ ಆ ಹಣವನ್ನು ಮರಳಿ ಪಡೆಯುವ ಭ್ರಮೆ ನನಗಿರಲಿಲ್ಲ. ಆದರೂ ಪಳಗಿದ ನಾಯಿಯೊಂದಕ್ಕೆ ಸಾವಿರಾರು ಡಾಲರ್ ಸುರಿದು, ಮೇಲೆ ಅದರ ಕೊರಳಿಗೆ ಜಿಪಿಎಸ್ ಪಟ್ಟಿಯನ್ನೂ ಕೊಳ್ಳುವವರು ನನ್ನ ಖರ್ಚನ್ನು ಕಂಡು ನಗಬೇಕಾಗಿರಲಿಲ್ಲ.

ಗೆದ್ದದ್ದು ದನಿಗಿಂತ ಹೆಚ್ಚಾಗಿ ಜಾಗ. ಕಯೋಟಿಯಂತೆ ರಕೂನ್ ಮೈಲಿ ದೂರದಿಂದ ಓಡಿ ಬರುವುದಿಲ್ಲ. ನಾವೇ ಅದರ ಮನೆ ಬಾಗಿಲಿಗೆ ಹೋಗಬೇಕು. ಹಳ್ಳದ ದಂಡೆಯ ಹಳೆಯ ಸಿಕಮೋರ್, ಓಕ್ ಮತ್ತು ಕಾಟನ್‌ವುಡ್ ಮರಗಳಲ್ಲಿ ತೊಗಟೆ ಉಗುರು ತಾಗಿ ನುಣುಪಾಗಿದ್ದು, ಪೊಟರೆಯ ಅಂಚಿಗೆ ಬೂದು ಕೂದಲು ಅಂಟಿದ್ದರೆ ಅದು ವಾಸವಿರುವ ಮರ. ಕೆಲವು ದಿನ ಕೊರೆಯುವ ಚಳಿಯಿದ್ದು, ಬಳಿಕ ಬಿಸಿಲು ಬಿದ್ದ ಜನವರಿಯ ಮಧ್ಯಾಹ್ನವನ್ನೇ ನಾನು ಆರಿಸಿಕೊಳ್ಳುತ್ತೇನೆ. ಸ್ಪೀಕರನ್ನು ಬುಡದಿಂದ ಇಪ್ಪತ್ತು ಹೆಜ್ಜೆ ದೂರವಿಟ್ಟು, ಮರಕುಟಿಗದ ಚೀರಾಟವನ್ನು ಪೂರ್ತಿ ದನಿಯಲ್ಲಿ ಹಾಕಿ, ಅದರ ಮೇಲೆ ಎರಡು ರಕೂನ್‌ಗಳು ಕಚ್ಚಾಡುವ ಸದ್ದನ್ನು ಬೆಸೆಯುತ್ತೇನೆ. ಯಾವ ಕ್ಷಣದಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಬಿಡುತ್ತೇನೆಂಬುದು ನನ್ನಲ್ಲೇ ಇರಲಿ.

ಬರುವುದಿದ್ದರೆ ಐದು ನಿಮಿಷದೊಳಗೆ ಬರುತ್ತದೆ. ಮೊದಲು ಕಪ್ಪು ಪಟ್ಟೆಯ ಮುಖವೊಂದೇ ಪೊಟರೆಯಲ್ಲಿ ಕಾಣಿಸುತ್ತದೆ. ಅನಂತರ ಹಿಂಗಾಲುಗಳನ್ನು ಹಿಂದಕ್ಕೆ ತಿರುಗಿಸಿ ತೊಗಟೆಗೆ ಉಗುರೂರಿ, ತಲೆ ಕೆಳಗಾಗಿ ಸರಸರನೆ ಇಳಿಯುತ್ತದೆ. ಅದು ನೆಲ ಮುಟ್ಟುವವರೆಗೆ ಬಂದೂಕನ್ನು ಎತ್ತುವುದಿಲ್ಲ, ಏಕೆಂದರೆ ಗಾಯಗೊಂಡದ್ದು ಪೊಟರೆಗೆ ಮರಳಿದರೆ ಕೈಗೆ ಸಿಗುವುದಿಲ್ಲ. 12 ಬೋರಿನ ಬಂದೂಕಿಗೆ 4 ನಂಬರಿನ ಚರೆ ಸಾಕು. ಹತ್ತು ನಿಮಿಷ ಕಳೆದರೆ ಮುಂದಿನ ಮರಕ್ಕೆ ನಡೆಯುತ್ತೇನೆ.

ಒಮ್ಮೆ ಜುಲೈನಲ್ಲಿ, ಬಂದೂಕಿಲ್ಲದೆ, ಮರಿಯ ಅಳುವನ್ನು ಕೇಳಿಸಿ ನೋಡಿದೆ. ತಾಯಿ ನನ್ನ ಬೂಟಿನ ಹತ್ತಿರದವರೆಗೂ ನುಗ್ಗಿತು. ಮರಿಗಳಿರುವ ಕಾಲದಲ್ಲಿ ಆ ದನಿಯನ್ನು ಬೇಟೆಗೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ದಾರಕ್ಕೆ ಗರಿ ಕಟ್ಟಿ ಆಡಿಸಿದ್ದರಿಂದ ಕಾಗೆಗಳು ಸೇರಿದವೇ ಹೊರತು ಬೇರೆ ಪ್ರಯೋಜನವಾಗಲಿಲ್ಲ. ಬಾಯಿಂದ ಊದುವ ಪೀಪಿ ಅಗ್ಗವಾದರೂ, ಸದ್ದು ನಮ್ಮ ಕಡೆಯಿಂದಲೇ ಹೊರಡುವುದರಿಂದ ಪ್ರಾಣಿಯ ನೋಟವೂ ನಮ್ಮತ್ತಲೇ ಬೀಳುತ್ತದೆ.

ನಿಜವಾದ ಲಾಭ ಬಂದದ್ದು ಬೇರೆ ಕಡೆಯಿಂದ. ಮೆಕ್ಕೆಜೋಳ ಹಾಲುಗಾಳಾಗಿರುವಾಗಲೇ ದಂಟು ಮುರಿಯುವ, ಟರ್ಕಿ ಕೋಳಿಯ ಮೊಟ್ಟೆ ತಿನ್ನುವ ಈ ಪ್ರಾಣಿಯನ್ನು ರಾತ್ರಿಯಿಡೀ ಬೊಗಳುವ ನಾಯಿಗಳಿಲ್ಲದೆ ಕಡಿಮೆ ಮಾಡುವವನು ನಾನೆಂದು ತಿಳಿದ ಮೇಲೆ, ಹಿಂದೆ ಬೇಲಿಯಾಚೆಯಿಂದಲೇ ಬೇಡವೆಂದಿದ್ದ ಮೂರು ನಾಲ್ಕು ಜಮೀನಿನವರು ಗೇಟಿನ ಬೀಗದ ಸಂಖ್ಯೆಯನ್ನು ತಾವಾಗಿಯೇ ಕಳುಹಿಸಿದ್ದಾರೆ.