ಮನೋವಿಜ್ಞಾನದ ಇತಿಹಾಸ ಓದುವುದು ಹೇಗೆ? ತಕರಾರಿನಿಂದ ಶುರುಮಾಡಿ

ಮನೋವಿಜ್ಞಾನದ ಪ್ರವೇಶ ಪರೀಕ್ಷೆ ಬರೆಯುವ ಅನೇಕರು ಇತಿಹಾಸದ ಅಧ್ಯಾಯವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಬರೀ ಹೆಸರು, ಇಸವಿ ತಾನೇ, ಹಿಂದಿನ ರಾತ್ರಿ ಒಮ್ಮೆ ನೋಡಿದರಾಯಿತು ಎಂಬ ಲೆಕ್ಕ. ಆಮೇಲೆ ವುಂಟ್, ವರ್ಥೈಮರ್, ವಾಟ್ಸನ್ ಮೂವರೂ ಒಂದೇ ಪ್ರಶ್ನೆಯ ಆಯ್ಕೆಗಳಲ್ಲಿ ಬಂದು ನಿಂತಾಗ ತಲೆ ಕೆಡುತ್ತದೆ. ಈ ಅಧ್ಯಾಯವನ್ನು ಮೊದಲೇ ಮುಗಿಸಿ. ಕಲಿಕೆ, ನೆನಪು, ವ್ಯಕ್ತಿತ್ವ, ಚಿಕಿತ್ಸೆ ಎಂದು ಮುಂದೆ ಬರುವ ಪಾಠಗಳ ಬೇರು ಇರುವುದು ಇಲ್ಲೇ.

ಹಂತ 1: ಒಂದು ಗೆರೆ, ಕೆಲವೇ ಇಸವಿ

ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆಯಿರಿ. ಅದರ ಮೇಲೆ ಇಷ್ಟು ಸಾಕು: 1879, ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಮನೋವಿಜ್ಞಾನ ಪ್ರಯೋಗಾಲಯ. 1885, ನೆನಪು ಮತ್ತು ಮರೆವಿನ ಬಗ್ಗೆ ಎಬ್ಬಿಂಗ್‌ಹೌಸ್ ಪುಸ್ತಕ. 1890, ವಿಲಿಯಂ ಜೇಮ್ಸ್ ಅವರ ದೊಡ್ಡ ಗ್ರಂಥ. 1900, ಕನಸುಗಳ ಬಗ್ಗೆ ಫ್ರಾಯ್ಡ್ ಪುಸ್ತಕ. 1912, ವರ್ಥೈಮರ್ (ಗೆಸ್ಟಾಲ್ಟ್). 1913, ವಾಟ್ಸನ್ (ವರ್ತನಾವಾದ). 1943, ಮಾಸ್ಲೊ (ಮಾನವತಾವಾದ). 1967, ನೈಸರ್ (ಅರಿವಿನ ಮನೋವಿಜ್ಞಾನ).

ಫ್ರಾಯ್ಡ್ ಪುಸ್ತಕಕ್ಕೆ ಕೆಲವು ಕಡೆ 1899 ಎಂದು ಕಂಡರೆ ಗಾಬರಿ ಬೇಡ. ಅದು ಹೊರಬಂದದ್ದು 1899ರ ಕೊನೆಗೆ, ಮೇಲೆ ಅಚ್ಚಾಗಿದ್ದ ವರ್ಷ 1900.

ಹಂತ 2: ಯಾರಿಗೆ ಯಾರ ಮೇಲೆ ತಕರಾರು?

ನನ್ನ ಪ್ರಕಾರ ಇಡೀ ಅಧ್ಯಾಯದ ಕೀಲಿ ಇದೇ. ಪಂಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಕಲಸಿಹೋಗುತ್ತವೆ. ಹೆಚ್ಚಿನವು ಇನ್ನೊಂದರ ಮೇಲಿನ ತಕರಾರಾಗಿ ಹುಟ್ಟಿದವು. ಆ ತಕರಾರು ಗೊತ್ತಿದ್ದರೆ ಹೆಸರು ತಾನಾಗಿಯೇ ಬರುತ್ತದೆ.

ವುಂಟ್ ಅವರ ಶಿಷ್ಯ ಟಿಚನರ್ ಅಮೆರಿಕಕ್ಕೆ ಹೋಗಿ, ಮನಸ್ಸನ್ನು ಅದರ ಮೂಲ ಅಂಶಗಳಾಗಿ ಬಿಡಿಸಿ ನೋಡಬೇಕು ಎಂದರು. ಇದು ರಚನಾವಾದ. ವಿಧಾನ ಅಂತರವಲೋಕನ: ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳುವುದು. ಜೇಮ್ಸ್ ಇದನ್ನು ಒಪ್ಪುವವರಲ್ಲ. ಅವರಿಗೆ ಪ್ರಜ್ಞೆ ಎಂದರೆ ಹರಿಯುವ ಪ್ರವಾಹ, ತುಂಡು ಮಾಡಲು ಬರುವುದಿಲ್ಲ. ಮನಸ್ಸು ಯಾವುದರಿಂದ ಆಗಿದೆ ಎನ್ನುವುದಕ್ಕಿಂತ, ಬದುಕಲು ಅದು ಯಾವ ಕೆಲಸಕ್ಕೆ ಬರುತ್ತದೆ ಎಂಬುದು ಮುಖ್ಯ. ಈ ದಾರಿಯಲ್ಲಿ ಬೆಳೆದದ್ದು ಕಾರ್ಯವಾದ. ಹಿಂದೆ ಡಾರ್ವಿನ್ ಪ್ರಭಾವ ಕಾಣುತ್ತದೆ ಅಲ್ವಾ?

ಅತ್ತ ಜರ್ಮನಿಯಲ್ಲಿ ವರ್ಥೈಮರ್, ಕೋಹ್ಲರ್, ಕೊಫ್ಕಾ ಅವರದು ಬೇರೆಯೇ ತಕರಾರು. ಎರಡು ದೀಪಗಳನ್ನು ಒಂದರ ಹಿಂದೆ ಒಂದು ಬೇಗ ಬೇಗ ಹೊತ್ತಿಸಿದರೆ, ಒಂದೇ ಬೆಳಕು ಅಲ್ಲಿಂದ ಇಲ್ಲಿಗೆ ಓಡಿದಂತೆ ಕಾಣುತ್ತದೆ. ಆ ಓಟ ಮೊದಲ ದೀಪದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಹಾಗಿದ್ದರೆ ಬಿಡಿ ಭಾಗಗಳನ್ನು ಕೂಡಿಸಿ ಅನುಭವವನ್ನು ವಿವರಿಸುವುದು ಹೇಗೆ? ಬಿಡಿ ಭಾಗಗಳಿಗಿಂತ ಇಡಿಯಾದ ಆಕೃತಿಯೇ ಮುಖ್ಯ ಎನ್ನುವ ಇದೇ ಗೆಸ್ಟಾಲ್ಟ್.

ವಾಟ್ಸನ್ ಇನ್ನೂ ಮುಂದೆ ಹೋದರು. ಒಬ್ಬರ ಅಂತರವಲೋಕನವನ್ನು ಇನ್ನೊಬ್ಬರು ಪರೀಕ್ಷಿಸಲಾರರು, ಆದ್ದರಿಂದ ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಓದೋಣ ಎಂದರು. ಇದು ವರ್ತನಾವಾದ. ಆಹಾರಕ್ಕೆ ಮುಂಚೆ ಮತ್ತೆ ಮತ್ತೆ ಸದ್ದು ಕೇಳಿಸಿದರೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಎಂಬ ಪಾವ್ಲೊವ್ ಅವರ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ನಂತರ, ವರ್ತನೆಯನ್ನು ರೂಪಿಸುವುದು ಅದರ ಫಲವೇ ಎಂದ ಸ್ಕಿನ್ನರ್ ಬಂದರು. ಅದೇ ವರ್ತನಾವಾದದ ಒಳಗೇ ಟೋಲ್ಮನ್ ಒಂದು ತೊಡಕು ತೋರಿಸಿದರು. ಬಹುಮಾನವಿಲ್ಲದೆ ಚಕ್ರವ್ಯೂಹದಂಥ ದಾರಿಗಳಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಇಲಿಗಳೂ ದಾರಿ ಕಲಿತಿದ್ದವು, ಆಹಾರ ಇಟ್ಟ ಮೇಲೆ ಅದು ಹೊರಬಿತ್ತು. ಅಂದರೆ ಒಳಗೆ ಏನೋ ನಡೆಯುತ್ತಿದೆ. 1956ರಲ್ಲಿ ಮಿಲ್ಲರ್ ಅಲ್ಪಾವಧಿ ನೆನಪಿನ ಮಿತಿಯ ಬಗ್ಗೆ ಬರೆದರು. 1959ರಲ್ಲಿ ಭಾಷಾವಿಜ್ಞಾನಿ ಚಾಮ್ಸ್ಕಿ, ಭಾಷೆಯ ಕುರಿತ ಸ್ಕಿನ್ನರ್ ವಾದವನ್ನು ಕಟುವಾಗಿ ಟೀಕಿಸಿದರು. ನೆನಪು, ಯೋಚನೆಯಂಥ ಒಳಗಿನ ಕ್ರಿಯೆಗಳನ್ನು ಓದುವ ಅರಿವಿನ ಮನೋವಿಜ್ಞಾನ ಗಟ್ಟಿಯಾದದ್ದು ಹೀಗೆ.

ಫ್ರಾಯ್ಡ್ ಈ ಸಾಲಿನಲ್ಲಿ ಕೂರುವುದಿಲ್ಲ. ಅವರು ವೈದ್ಯರು, ಶುರುಮಾಡಿದ್ದು ರೋಗಿಗಳಿಂದ, ಹುಡುಕಿದ್ದು ನಮಗೇ ಅರಿವಿಲ್ಲದ ಮನಸ್ಸಿನ ಭಾಗವನ್ನು. ಗೆರೆಯ ಕೆಳಗೆ ಬೇರೆ ಸಾಲು ಹಾಕಿ. ಫ್ರಾಯ್ಡ್ ಮತ್ತು ವರ್ತನಾವಾದ ಎರಡರ ಮೇಲೂ ತಕರಾರು ಎತ್ತಿದವರು ಮಾಸ್ಲೊ, ರೋಜರ್ಸ್. ಮನುಷ್ಯನ ಬೆಳೆಯುವ ಸಾಮರ್ಥ್ಯಕ್ಕೆ ಒತ್ತು ಕೊಟ್ಟ ಅವರ ಮಾನವತಾವಾದಕ್ಕೆ ‘ಮೂರನೇ ಶಕ್ತಿ’ ಎಂಬ ಹೆಸರು ಬಂದದ್ದು ಅದಕ್ಕೇ.

ಹಂತ 3: ಪಂಥ ಬೇರೆ, ಶಾಖೆ ಬೇರೆ

ವರ್ತನಾವಾದ ಒಂದು ಪಂಥ, ಅಂದರೆ ನೋಡುವ ರೀತಿ. ಕ್ಲಿನಿಕಲ್ ಒಂದು ಶಾಖೆ, ಅಂದರೆ ಕೆಲಸದ ಕ್ಷೇತ್ರ. ಎರಡಕ್ಕೂ ಒಂದೇ ಪಟ್ಟಿ ಮಾಡಬೇಡಿ.

ಶಾಖೆಗಳನ್ನು ಓದಲು ಒಂದೇ ಸಮಸ್ಯೆ ತೆಗೆದುಕೊಳ್ಳಿ. ಎಂಟು ವರ್ಷದ ಮಗುವಿಗೆ ಓದಲು ಬರುತ್ತಿಲ್ಲ. ಆ ವಯಸ್ಸಿಗೆ ಎಷ್ಟು ಬರಬೇಕು ಎಂದು ಕೇಳುವುದು ವಿಕಾಸ (ಬೆಳವಣಿಗೆಯ) ಮನೋವಿಜ್ಞಾನ. ಪಾಠ ಹೇಳುವ ಕ್ರಮವನ್ನು ನೋಡುವುದು ಶೈಕ್ಷಣಿಕ. ಗಮನ, ನೆನಪು ಹೇಗಿದೆ ಎನ್ನುವುದು ಅರಿವಿನ ಶಾಖೆ. ಮಿದುಳಿನ ಕಡೆ ತಿರುಗುವುದು ಜೈವಿಕ. ಜೊತೆಯ ಮಕ್ಕಳು ಗೇಲಿ ಮಾಡುವುದರ ಪರಿಣಾಮ ಸಾಮಾಜಿಕ ಶಾಖೆಗೆ ಸೇರಿದ್ದು. ತೊಂದರೆಯನ್ನು ಗುರುತಿಸಿ ಚಿಕಿತ್ಸೆ ಯೋಜಿಸುವುದು ಕ್ಲಿನಿಕಲ್. ಸನ್ನಿವೇಶ ಕೊಟ್ಟು ಶಾಖೆ ಕೇಳುವ ಪ್ರಶ್ನೆಗೆ ಇದೇ ತಯಾರಿ.

ಜೊತೆಗೆ ಮೂರು ಗುರುತು: 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಟ್ಮರ್ ಅವರ ಕ್ಲಿನಿಕ್, 1905ರಲ್ಲಿ ಬಿನೆ ಮತ್ತು ಸಿಮೊನ್ ಅವರ ಬುದ್ಧಿ ಪರೀಕ್ಷೆ, ಉದ್ಯಮ ರಂಗಕ್ಕೆ ಮನೋವಿಜ್ಞಾನ ತಂದ ಮ್ಯೂನ್‌ಸ್ಟರ್‌ಬರ್ಗ್.

ಹಂತ 4: ಎಡವುವ ಜಾಗ ಗುರುತು ಮಾಡಿ

ಪಾವ್ಲೊವ್ ಶರೀರಕ್ರಿಯಾ ವಿಜ್ಞಾನಿ. ಅವರಿಗೆ 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಗೆಸ್ಟಾಲ್ಟ್ ಥೆರಪಿ ವರ್ಥೈಮರ್ ಅವರದಲ್ಲ, ಅದರ ಜೊತೆ ಬರುವ ಹೆಸರು ಫ್ರಿಟ್ಸ್ ಪರ್ಲ್ಸ್. ವಿಶ್ಲೇಷಣಾತ್ಮಕ ಮನೋವಿಜ್ಞಾನ ಯೂಂಗ್ ಅವರದು, ಮನೋವಿಶ್ಲೇಷಣೆ ಫ್ರಾಯ್ಡ್ ಅವರದು. ಋಣಾತ್ಮಕ ಪುನರ್ಬಲನ ಶಿಕ್ಷೆಯಲ್ಲ: ಅಹಿತವಾದದ್ದು ತೊಲಗಿ ವರ್ತನೆ ಜಾಸ್ತಿಯಾಗುತ್ತದೆ, ಶಿಕ್ಷೆಯಲ್ಲಿ ವರ್ತನೆ ಕಡಿಮೆಯಾಗುತ್ತದೆ. ರಚನಾವಾದಕ್ಕೆ ಹೆಸರು ಕೇಳಿದಾಗ ಆಯ್ಕೆಯಲ್ಲಿ ವುಂಟ್, ಟಿಚನರ್ ಇಬ್ಬರೂ ಇದ್ದರೆ ಟಿಚನರ್ ಕಡೆ ವಾಲಿ. ವುಂಟ್ ಮಾತ್ರ ಇದ್ದರೆ ಅವರನ್ನೇ ಆರಿಸಿ, ಅನೇಕ ಪಠ್ಯಗಳು ಅವರನ್ನೂ ಅಲ್ಲೇ ಸೇರಿಸುತ್ತವೆ.

ಹಂತ 5: ಪುಸ್ತಕ ಮುಚ್ಚಿ ಬರೆಯಿರಿ

ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ ಎಂದು ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನಗಳನ್ನು ಬಿಟ್ಟು ಬಿಟ್ಟು ಓದುವುದು ವಾಸಿ. ಪ್ರತಿ ಸಲವೂ ಮೊದಲು ಖಾಲಿ ಹಾಳೆಯಲ್ಲಿ ಆ ಗೆರೆ, ಆ ತಕರಾರುಗಳನ್ನು ನೆನಪಿನಿಂದ ಬರೆಯಿರಿ. ಆಮೇಲಷ್ಟೇ ಪುಸ್ತಕ ತೆರೆಯಿರಿ. ಬಣ್ಣದ ಪೆನ್ನಿನಲ್ಲಿ ಸಾಲು ಸಾಲಿಗೆ ಗೆರೆ ಎಳೆದರೆ ಓದಿದ ಹಾಗೆ ಅನಿಸುತ್ತದೆ, ಅಷ್ಟೇ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಸರಿ ಉತ್ತರಕ್ಕೆ ಗುರುತು ಹಾಕಿ ಮುಂದೆ ಹೋಗಬೇಡಿ. ಉಳಿದ ಮೂರು ಆಯ್ಕೆಗಳ ಪಕ್ಕದಲ್ಲಿ, ಯಾವ ಪ್ರಶ್ನೆ ಕೇಳಿದ್ದರೆ ಅದು ಸರಿ ಉತ್ತರವಾಗುತ್ತಿತ್ತು ಎಂದು ಒಂದು ಸಾಲು ಬರೆಯಿರಿ. ಬರೆಯಲು ಆಗದ ಹೆಸರುಗಳೇ ಮರುದಿನದ ಓದಿನ ಪಟ್ಟಿ.